ವೇಷ ತೊಟ್ಟ ಯಂತ್ರ

ಸಿ.ಇ.ಟಿ. ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ನನ್ನಂಥ ನಿವೃತ್ತ ಮೇಷ್ಟರ ಫೋನಿಗೆ ಬಿಡುವಿರುವುದಿಲ್ಲ. ಹಿಂದೆಲ್ಲ ತಂದೆತಾಯಂದಿರು ಯಾವ ಕಾಲೇಜು, ಯಾವ ಬ್ರಾಂಚು ಎಂದು ಕೇಳುತ್ತಿದ್ದರು. ಈಗ ಅದನ್ನೆಲ್ಲ ಮಕ್ಕಳೇ ತೀರ್ಮಾನಿಸಿರುತ್ತಾರೆ. ಹೆತ್ತವರ ಪಾಲಿಗೆ ಉಳಿಯುವುದು ಒಂದೇ ಪ್ರಶ್ನೆ: "ಸಾರ್, ಯಾವ ಲ್ಯಾಪ್‌ಟಾಪ್ ಕೊಡಿಸೋಣ?" ಬೆಲೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬ್ಯಾಗಿನಲ್ಲಿ ಹೊರಲು ಭಾರವೇ ಎಂದೆಲ್ಲ ವಿಚಾರಿಸುತ್ತಾರೆ. ಮದುವೆಯ ಮಾತು ಬಂದರೆ ಮೂರು ತಲೆಮಾರಿನ ಕುಲಗೋತ್ರ ಜಾಲಾಡುವ ನಾವು, ಲ್ಯಾಪ್‌ಟಾಪಿನೊಳಗಿನ ಪ್ರೊಸೆಸರ್ ಯಾವ ವಂಶದ್ದು ಎಂದು ಮಾತ್ರ ಕೇಳುವುದಿಲ್ಲ.

ಕೇಳುವ ಅಗತ್ಯವೂ ಬಹುಕಾಲ ಇರಲಿಲ್ಲ ಎನ್ನಿ. ಅಂಗಡಿಯಲ್ಲಿ ಸಿಗುತ್ತಿದ್ದುದೆಲ್ಲ ಹೆಚ್ಚುಕಡಿಮೆ ಒಂದೇ ಮನೆತನದ್ದು. 1978ರಲ್ಲಿ ಇಂಟೆಲ್ ಕಂಪೆನಿ ಹೊರತಂದ 8086 ಎಂಬ ಚಿಪ್ಪಿನ ಮಕ್ಕಳು, ಮೊಮ್ಮಕ್ಕಳು. ಇನ್ನೊಂದು ಮನೆತನ 1985ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಆರ್ಮ್. ಅದು ಸದ್ದಿಲ್ಲದೆ ನಮ್ಮ ಮೊಬೈಲ್ ಫೋನುಗಳೊಳಗೆ ಸಂಸಾರ ಹೂಡಿತ್ತು. 2020ರ ನವೆಂಬರಿನಲ್ಲಿ ಆಪಲ್ ಕಂಪೆನಿ ಈ ಎರಡನೆಯ ವಂಶದ ಎಂ1 ಚಿಪ್ಪನ್ನು ತನ್ನ ಲ್ಯಾಪ್‌ಟಾಪಿಗೆ ಹಾಕಿತು. ಆಮೇಲೆ ವಿಂಡೋಸ್ ಲ್ಯಾಪ್‌ಟಾಪುಗಳಲ್ಲೂ ಆರ್ಮ್ ಚಿಪ್ಪಿನವು ಹೆಚ್ಚತೊಡಗಿದವು. ಕುಲಗೋತ್ರದ ಪ್ರಶ್ನೆ ಹೀಗೆ ಮಧ್ಯಮ ವರ್ಗದ ಮನೆಯೊಳಗೆ ಕಾಲಿಟ್ಟಿತು. ನಮ್ಮ ಮನೆಯೊಳಕ್ಕೆ ಬಂದದ್ದು ನನ್ನ ತಂಗಿಯ ಮಗಳ ಮೂಲಕ.

ಅವಳು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. ಸೀಟು ಸಿಕ್ಕಿದ ಖುಷಿಗೆ ಅಮೆರಿಕದಲ್ಲಿರುವ ಅವಳ ಚಿಕ್ಕಪ್ಪ ತಾವು ಎರಡು ವರ್ಷ ಬಳಸಿದ್ದ ಎಂ1 ಲ್ಯಾಪ್‌ಟಾಪನ್ನು ಕೊಟ್ಟುಹೋಗಿದ್ದರು. ಮೊದಲ ವರ್ಷ ತೊಂದರೆಯಿಲ್ಲದೆ ಕಳೆಯಿತು. ಎರಡನೆಯ ವರ್ಷದ ನಡುವೆ, 2025ರ ಜನವರಿಯಲ್ಲಿ, ಕಾಲೇಜಿನಿಂದ ಒಂದು ಪಟ್ಟಿ ಬಂತು. ಪ್ರಯೋಗಾಲಯದ ತಂತ್ರಾಂಶಗಳಿಗೆ ವಿಂಡೋಸ್ ಇರುವ, ಇಂಟೆಲ್ ವಂಶದ ಪ್ರೊಸೆಸರ್ ಇರುವ ಲ್ಯಾಪ್‌ಟಾಪ್ ಕಡ್ಡಾಯ ಎಂದು ಅದರಲ್ಲಿತ್ತು. ಇದನ್ನು ಸೇರುವಾಗಲೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತೋ ತಿಳಿಯದು.

ತಂಗಿಯ ಗಂಡನಿಗೆ ತಿಪಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಕಂಪ್ಯೂಟರಿನ ಹಾರ್ಡ್‌ವೇರ್ ಅಲ್ಲ. ಮೊಳೆ, ಚಿಲಕ, ಬೋಲ್ಟು, ಬಣ್ಣದ ಡಬ್ಬಿ. ಆ ಭಾನುವಾರ ತುಮಕೂರಿಗೆ ಮಗಳನ್ನೂ ಕರೆದುಕೊಂಡು ಬಂದವರೇ, "ಭಾವ, ಚೀಟಿ ಎತ್ತಿಬಿಡ್ತೀನಿ. ಇನ್ನೊಂದು ಅರವತ್ತು ಸಾವಿರ ಹೋದ್ರೆ ಹೋಗ್ಲಿ," ಎಂದರು. ಆ ಚೀಟಿ ಅಂಗಡಿಯ ಸೋರುವ ಮಾಡಿಗೆಂದು ಕಟ್ಟುತ್ತಿದ್ದದ್ದು ಎಂದು ನನಗೆ ಗೊತ್ತಿತ್ತು. ಮಗಳಿಗೂ ಗೊತ್ತಿತ್ತು. ಅವಳು ತಲೆ ತಗ್ಗಿಸಿ ಕೂತಿದ್ದಳು.

"ಇರೋದು ಇಷ್ಟು ಚೆನ್ನಾಗಿರೋ ಮಿಷನ್ನು. ಇದ್ರಲ್ಲಿ ಯಾಕೆ ಆಗಲ್ಲ?" ಎಂದು ಅವರು ಕೇಳಿದರು. ಉತ್ತರ ಅವರ ಅಂಗಡಿಯಲ್ಲೇ ಇತ್ತು. ಅಂಗುಲದ ಬೋಲ್ಟಿಗೆ ಮಿಲಿಮೀಟರ್ ನಟ್ಟು ಕೂರುತ್ತದೆಯೇ? ಕಣ್ಣಿಗೆ ಎರಡೂ ಒಂದೇ, ಕಬ್ಬಿಣವೂ ಒಂದೇ. ಆದರೆ ಮರೆ ಬೇರೆ. ಪ್ರೊಸೆಸರಿನ ಸಂಗತಿಯೂ ಹಾಗೆಯೇ. ತಂತ್ರಾಂಶವೆಂಬುದು ಕೊನೆಗೆ ಬರೀ ಸಂಖ್ಯೆಗಳ ಸಾಲು. ಯಾವ ಸಂಖ್ಯೆಗೆ ಯಾವ ಕೆಲಸ ಎಂಬುದನ್ನು ಒಂದೊಂದು ವಂಶ ಒಂದೊಂದು ರೀತಿ ನಿಶ್ಚಯಿಸಿಕೊಂಡಿರುತ್ತದೆ. ನಾನು ಇಪ್ಪತ್ತು ವರ್ಷ ಪಾಠ ಹೇಳಿದ 8085 ಚಿಪ್ಪಿಗೆ 3ಇ ಎಂಬ ಸಂಕೇತ ಕೊಟ್ಟರೆ 'ಮುಂದೆ ಬರುವ ಅಂಕಿಯನ್ನು ಎ ಎಂಬ ಮನೆಯಲ್ಲಿಡು' ಎಂದರ್ಥ. ಅದೇ ಕಂಪೆನಿಯ, ಎರಡೇ ವರ್ಷ ಕಿರಿಯ 8086ಕ್ಕೆ 3ಇ ಕೊಟ್ಟರೆ, ಮುಂದಿನ ಆಜ್ಞೆ ನೆನಪಿನ ಯಾವ ಭಾಗವನ್ನು ಮುಟ್ಟಬೇಕು ಎಂಬ ಸೂಚನೆ. ಒಂದೇ ಕಂಪೆನಿಯಲ್ಲೇ ಹೀಗಾದರೆ ಬೇರೆ ದೇಶದಲ್ಲಿ ಹುಟ್ಟಿದ ಆರ್ಮ್ ಕಥೆ ಏನು? ಇಂಟೆಲ್ ವಂಶದ ಆಜ್ಞೆ 1 ಬೈಟಿನಿಂದ 15 ಬೈಟಿನವರೆಗೆ ಉದ್ದಗಿಡ್ಡವಾಗಿರುತ್ತದೆ. 64 ಬಿಟ್‌ನ ಆರ್ಮ್‌ನಲ್ಲಿ ಎಲ್ಲವೂ ಅಳೆದು ಕತ್ತರಿಸಿದಂತೆ 4 ಬೈಟು. ಒಂದರ ಮಾತು ಇನ್ನೊಂದಕ್ಕೆ ಬರೀ ಗದ್ದಲ.

"ಹಾಗಾದ್ರೆ ಆಗಲ್ಲ ಅಂತಾಯ್ತು," ಎಂದರು. "ಆಗುತ್ತೆ. ನಿಧಾನ ಆಗುತ್ತೆ," ಎಂದೆ. ಚೀಟಿಯನ್ನು ಹದಿನೈದು ದಿನ ಮುಂದೂಡಲು ಒಪ್ಪಿದರು.

ಆಗುತ್ತದೆ ಎಂದು ನಾನು ಹೇಳಿದ್ದು ಪುಸ್ತಕದ ಧೈರ್ಯದಿಂದಲ್ಲ. ತೊಂಬತ್ತರ ದಶಕದಲ್ಲಿ ನಾನು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದಾಗ 36 ಹುಡುಗರಿಗೆ ಇದ್ದದ್ದು 4 ಮೈಕ್ರೋಪ್ರೊಸೆಸರ್ ಕಿಟ್. ಹಸಿರು ಹಲಗೆ, ಹದಿನಾರರ ಲೆಕ್ಕದ ಗುಂಡಿಗಳು, ಕೆಂಪಗೆ ಮಿನುಗುವ ಆರು ಅಂಕಿ. ಬೇಸಿಗೆಯಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಪರೀಕ್ಷೆ ನಮ್ಮ ಕರೆಂಟಿಗೆ ಕಾಯುತ್ತದೆಯೇ? ಒಂದು ದಿನ ಏಳು ಹುಡುಗರನ್ನು ಸಾಲಾಗಿ ನಿಲ್ಲಿಸಿ ಕೈಗೊಂದು ಸ್ಲೇಟು ಕೊಟ್ಟೆ. ನೀನು ಎ, ನೀನು ಬಿ, ನೀನು ಸಿ, ಹೀಗೆ ಡಿ, ಇ, ಎಚ್, ಎಲ್. ಇವೇ 8085ರೊಳಗಿನ ರಿಜಿಸ್ಟರುಗಳು, ಅಂದರೆ ಅಂಕಿ ಇಟ್ಟುಕೊಳ್ಳುವ ಮನೆಗಳು. ಕಪ್ಪುಹಲಗೆಯೇ ಮೆಮೊರಿ. ಎಂಟನೆಯ ಹುಡುಗನ ಕೈಗೆ ಕೋಲು. ಮುಂದೆ ಓದಬೇಕಾದ ಸಾಲನ್ನು ತೋರಿಸುವುದು ಅವನ ಕೆಲಸ. ನನ್ನ ಕೈಯಲ್ಲಿ ಇಂಟೆಲ್ ಕೈಪಿಡಿ.

ಹಲಗೆಯ ಮೇಲೆ 3ಇ 05 06 03 80 76 ಎಂದು ಬರೆದೆ. ಕೋಲು 3ಇ ಮೇಲೆ ಬಂತು. ನಾನು ಕೈಪಿಡಿ ನೋಡಿ ಅರ್ಥ ಹೇಳಿದೆ. ಎ ತನ್ನ ಸ್ಲೇಟಿನಲ್ಲಿ 5 ಬರೆದುಕೊಂಡ. 06 ಎಂದರೆ ಬಿಗೆ ಮುಂದಿನ ಅಂಕಿ. ಬಿ 3 ಬರೆದ. 80 ಎಂದರೆ ಬಿಯಲ್ಲಿರುವುದನ್ನು ಎಗೆ ಕೂಡಿಸು. ಎ ತನ್ನ 5 ಅಳಿಸಿ 8 ಬರೆದ. 76 ಎಂದರೆ ನಿಲ್ಲು. ಎಲ್ಲರೂ ನಿಂತರು. ಕಿಟಕಿಯಾಚೆ ನಿಂತಿದ್ದ ಅಟೆಂಡರಿಗೆ ಮೇಷ್ಟರ ತಲೆ ಕೆಟ್ಟಿತೆನ್ನಿಸಿರಬೇಕು. ಆದರೆ ಆ ಅರ್ಧ ಗಂಟೆ ನಮ್ಮ ತರಗತಿಯೇ 8085 ಆಗಿತ್ತು. ಸಿಲಿಕಾನ್ ಇಲ್ಲ, ಕರೆಂಟಿಲ್ಲ. ಬಂದ ಉತ್ತರ ಮಾತ್ರ ಚಿಪ್ಪು ಕೊಡುವ ಉತ್ತರವೇ.

ಹುಡುಗರ ಬದಲು ಇನ್ನೊಂದು ಕಂಪ್ಯೂಟರಿನಿಂದ ಇದೇ ಆಟ ಆಡಿಸಿದರೆ ಅದೇ ಎಮ್ಯುಲೇಟರ್. ಏಳು ಮನೆ, 65,536 ಬೈಟಿನ ಒಂದು ಹಲಗೆ, ಒಂದು ಕೋಲು, ಒಂದು ಕೈಪಿಡಿ. ಸಂಕೇತ ಓದು, ಅರ್ಥ ಹುಡುಕು, ಹೇಳಿದಂತೆ ಮಾಡು, ಕೋಲು ಮುಂದೆ ಸರಿಸು. ಒಂದು ಯಂತ್ರದ ವರ್ಣನೆಯನ್ನು ಓದಿಕೊಂಡು ಇನ್ನೊಂದು ಯಂತ್ರ ಅದರಂತೆಯೇ ವರ್ತಿಸಬಲ್ಲದು ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ಗಣಿತದಲ್ಲಿ ತೋರಿಸಿದ್ದರು. ಆಗ ನಾವಿಂದು ಕಾಣುವಂಥ ಕಂಪ್ಯೂಟರೇ ಹುಟ್ಟಿರಲಿಲ್ಲ.

ಇದು ಮೇಷ್ಟರ ಚಮತ್ಕಾರವೆಂದು ತಿಳಿಯಬೇಡಿ. ಐ.ಬಿ.ಎಂ. ಕಂಪೆನಿ 1964ರಲ್ಲಿ ಸಿಸ್ಟಂ 360 ಎಂಬ ಹೊಸ ಸಾಲನ್ನು ಪ್ರಕಟಿಸಿದಾಗ, ಹಳೆಯ 1401 ಯಂತ್ರಕ್ಕೆ ವರ್ಷಗಟ್ಟಲೆ ಕೂತು ಪ್ರೋಗ್ರಾಂ ಬರೆಸಿಕೊಂಡಿದ್ದ ಗಿರಾಕಿಗಳು ಅದನ್ನೆಲ್ಲ ಎಸೆಯಲು ಸಿದ್ಧರಿರಲಿಲ್ಲ. ಹಾಗಾಗಿ ಹೊಸ ಯಂತ್ರ ಹಳೆಯದರ ವೇಷ ತೊಡುವ ಏರ್ಪಾಟು ಮಾಡಬೇಕಾಯಿತು. ನಮ್ಮ ತಂಗಿಯ ಗಂಡನ ಸಂಕಟವೇ. ಸೊನ್ನೆಗಳು ಹೆಚ್ಚು, ಅಷ್ಟೇ.

ನನಗೆ ಹೆಚ್ಚು ಇಷ್ಟವಾದದ್ದು 1975ರ ಪ್ರಸಂಗ. ಆ ವರ್ಷದ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಪತ್ರಿಕೆಯ ಮುಖಪುಟದಲ್ಲಿ ಆಲ್ಟೇರ್ ಎಂಬ ಪುಟ್ಟ ಕಂಪ್ಯೂಟರಿನ ಚಿತ್ರ ಬಂತು. ಅದರೊಳಗಿದ್ದುದು 8080, ನಮ್ಮ 8085ರ ಅಣ್ಣ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಬಿಲ್ ಗೇಟ್ಸ್ ಮತ್ತು ಅವರ ಗೆಳೆಯ ಪಾಲ್ ಆಲೆನ್ ಅದಕ್ಕೊಂದು ಬೇಸಿಕ್ ಭಾಷೆ ಬರೆದುಕೊಡುವುದಾಗಿ ತಯಾರಕರಿಗೆ ತಿಳಿಸಿದರು. ಕೈಯಲ್ಲಿ ಆಲ್ಟೇರ್ ಇಲ್ಲ. ಆಲೆನ್ ಇಂಟೆಲ್ ಕೈಪಿಡಿ ಇಟ್ಟುಕೊಂಡು, ಹಾರ್ವರ್ಡ್‌ನ ಪಿ.ಡಿ.ಪಿ.-10 ಎಂಬ ದೊಡ್ಡ ಕಂಪ್ಯೂಟರು 8080ಯಂತೆ ನಟಿಸುವ ಹಾಗೆ ಪ್ರೋಗ್ರಾಂ ಬರೆದರು. ಆ ನಟನೆಯೊಳಗೆ ಬೇಸಿಕ್ ತಯಾರಾಯಿತು. ಆಲೆನ್ ಕಾಗದದ ಪಟ್ಟಿಯಲ್ಲಿ ಅದನ್ನು ತೂತು ಹೊಡೆಸಿಕೊಂಡು ಅಲ್ಬುಕರ್ಕಿಗೆ ವಿಮಾನ ಹತ್ತಿದರು. ಪಟ್ಟಿಯನ್ನು ಯಂತ್ರದೊಳಕ್ಕೆ ಓದಿಸಲು ಬೇಕಾದ ಪುಟ್ಟ ಪ್ರೋಗ್ರಾಂ ಬರೆದದ್ದು ವಿಮಾನದಲ್ಲೇ. ನಿಜವಾದ ಆಲ್ಟೇರ್ ಮುಂದೆ ಕೂತು 2+2 ಎಷ್ಟು ಎಂದು ಕೇಳಿದಾಗ 4 ಎಂದಿತು. ಅವರು ಎಂದೂ ಮುಟ್ಟಿರದ ಯಂತ್ರ! ಕೈಪಿಡಿಯಲ್ಲಿ ಒಂದು ಸಾಲು ತಪ್ಪಿದ್ದರೆ ಮೈಕ್ರೋಸಾಫ್ಟ್ ಕಥೆ ಬೇರೆಯಾಗುತ್ತಿತ್ತೇನೋ.

ಅದಿರಲಿ, ನಮ್ಮ ಹದಿನೈದು ದಿನಕ್ಕೆ ಬರೋಣ. ಕಾಲೇಜಿನ ಪಟ್ಟಿಯಲ್ಲಿದ್ದುದರಲ್ಲಿ ಸುಲಭವಾದದ್ದು 8086 ಅಸೆಂಬ್ಲಿ. ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ ಹಾಕಿದೆವು. ಐದು ನಿಮಿಷದಲ್ಲಿ ಕಪ್ಪು ಪರದೆ ಬಂತು. 8086ರ ಗಡಿಯಾರ ಮೊದಲು ಬಂದಾಗ ಸೆಕೆಂಡಿಗೆ 50 ಲಕ್ಷ ಬಾರಿ ಮಿಡಿಯುತ್ತಿತ್ತು. ಎಂ1ರದು ಸುಮಾರು 320 ಕೋಟಿ ಬಾರಿ. ಒಂದೊಂದು ಆಜ್ಞೆಗೂ ಅರ್ಥ ಹುಡುಕುತ್ತ ಕೂತರೂ ಹೊಸ ಯಂತ್ರಕ್ಕೆ ಹೊತ್ತು ಮಿಗುತ್ತದೆ. ಹಳೆಯ ಆಟಗಳು ಓಡಿಹೋಗದಂತೆ ಡಾಸ್‌ಬಾಕ್ಸ್ ಬೇಕೆಂದೇ ವೇಗಕ್ಕೆ ಕಡಿವಾಣ ಹಾಕುತ್ತದೆ. ಮೊದಲ ದಿನದ ಈ ಗೆಲುವಿನಿಂದ ಹುಡುಗಿಯ ಮುಖ ಅರಳಿತು.

ಕಷ್ಟ ಬಂದದ್ದು ಸರ್ಕಿಟ್ ವಿನ್ಯಾಸದ ತಂತ್ರಾಂಶಕ್ಕೆ. ಅದಕ್ಕೆ ಇಂದಿನ ಕಾಲದ ಇಡೀ ಇಂಟೆಲ್ ಕಂಪ್ಯೂಟರೇ ಬೇಕು. ಇಲ್ಲಿ ನಮ್ಮ ನೆರವಿಗೆ ಬಂದದ್ದು ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಹೊರತಂದ ಉಚಿತ ತಂತ್ರಾಂಶ ಇದು. ಈ ಮನುಷ್ಯನ ಬಗ್ಗೆಯೇ ಒಂದು ಲೇಖನ ಬರೆಯಬಹುದು. ನಾವು ದಿನವೂ ನೋಡುವ ವಿಡಿಯೋಗಳ ಹಿಂದೆ ದುಡಿಯುವ ಎಫ್‌ಎಫ್‌ಎಂಪೆಗ್ ಕೂಡ ಅವರು ಆರಂಭಿಸಿದ್ದೇ. 2009ರ ಕೊನೆಯಲ್ಲಿ ಒಂದು ಸಾದಾ ಡೆಸ್ಕ್‌ಟಾಪ್ ಕಂಪ್ಯೂಟರಿನಿಂದ ಪೈಯನ್ನು ಸುಮಾರು 2.7 ಲಕ್ಷ ಕೋಟಿ ಸ್ಥಾನಗಳವರೆಗೆ ಲೆಕ್ಕಹಾಕಿಸಿದವರೂ ಇವರೇ. ಮ್ಯಾಕ್‌ನಲ್ಲಿ ಕ್ಯೂಎಮುವನ್ನು ಸುಲಭವಾಗಿ ಬಳಸಲು ಯುಟಿಎಂ ಎಂಬ ಹೊದಿಕೆ ಇದೆ.

ಕ್ಯೂಎಮು ನನ್ನ ಸ್ಲೇಟಿನ ಹುಡುಗರಿಗಿಂತ ಜಾಣ. ಕೋರ್ಟಿನಲ್ಲಿ ದುಭಾಷಿಯನ್ನು ನೋಡಿದ್ದೀರಲ್ಲ? ಸಾಕ್ಷಿ ಒಂದು ವಾಕ್ಯ ಹೇಳಬೇಕು, ದುಭಾಷಿ ಅದನ್ನು ಹೇಳಬೇಕು, ಮತ್ತೆ ಸಾಕ್ಷಿ. ಅದೇ ಮಾತನ್ನು ನೂರು ಸಲ ಹೇಳಿದರೆ ನೂರು ಸಲವೂ ಅನುವಾದ. ನನ್ನ ತರಗತಿ ನಡೆದದ್ದು ಹಾಗೆ. ಕ್ಯೂಎಮು ಮಾಡುವುದು ಬೇರೆ: ಇಂಟೆಲ್ ಆಜ್ಞೆಗಳ ಒಂದು ತುಣುಕನ್ನು ಪೂರ್ತಿ ಓದಿ, ಅದನ್ನು ಆರ್ಮ್ ಭಾಷೆಯಲ್ಲಿ ಬರೆದು, ಬರೆದದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಅದೇ ತುಣುಕು ಮತ್ತೆ ಬಂದರೆ ಅನುವಾದ ಸಿದ್ಧವಾಗಿರುತ್ತದೆ. ಕಂಪ್ಯೂಟರಿನ ಕೆಲಸವೆಲ್ಲ ಹೇಳಿದ್ದನ್ನೇ ಸಾವಿರ ಸಲ ಸುತ್ತುವುದಾದ್ದರಿಂದ ಇದರ ಲಾಭ ದೊಡ್ಡದು.

ಆದರೂ ಸುಂಕ ತಪ್ಪುವುದಿಲ್ಲ. ಇಂಟೆಲ್ ಚಿಪ್ಪು ಒಂದು ಕೂಡುವ ಲೆಕ್ಕ ಮಾಡಿದರೆ ಉತ್ತರ ಸೊನ್ನೆಯೇ, ಋಣವೇ, ದಶಕ ಮಿಕ್ಕಿತೇ ಎಂಬಂಥ ಆರು ಟಿಪ್ಪಣಿಗಳನ್ನು ಪಕ್ಕದಲ್ಲಿ ಬರೆದಿಡುತ್ತದೆ. ಆರ್ಮ್‌ಗೆ ಅಂಥವು ನಾಲ್ಕೇ. ಇಲ್ಲದ ಎರಡನ್ನು ಯಾರಾದರೂ ಕೇಳಿದರೆ ಕೂತು ಲೆಕ್ಕಹಾಕಬೇಕು. ನೆನಪಿನ ಒಂದೊಂದು ಮನೆ ಮುಟ್ಟುವಾಗಲೂ ವೇಷದ ಯಂತ್ರದ ವಿಳಾಸವನ್ನು ಅಸಲು ಯಂತ್ರದ ವಿಳಾಸಕ್ಕೆ ತಿರುಗಿಸಬೇಕು. ಬೆಲಾರ್ ತಮ್ಮ 2005ರ ಪ್ರಬಂಧದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ: ಪೂರ್ಣಾಂಕಗಳ ಲೆಕ್ಕದಲ್ಲಿ ಅಸಲಿಗಿಂತ ಸುಮಾರು 4 ಪಟ್ಟು, ದಶಮಾಂಶದ ಲೆಕ್ಕದಲ್ಲಿ 10 ಪಟ್ಟು ನಿಧಾನ, ಇಡೀ ಯಂತ್ರವನ್ನೇ ನಟಿಸಿದರೆ ಅದರ ಮೇಲೆ ಇನ್ನೂ 2 ಪಟ್ಟು. ಆಮೇಲೆ ಕ್ಯೂಎಮು ಬಹಳ ಸುಧಾರಿಸಿದೆ. ಆದರೂ ನಮ್ಮ ವೇಷಧಾರಿ ಇಂಟೆಲ್ ಯಂತ್ರಕ್ಕೆ ವಿಂಡೋಸ್ ಹಾಕಲು ಬೆಳಗಿನ ಕಾಫಿಗೆ ಕೂತವರು ರಾತ್ರಿ ಊಟಕ್ಕೆ ಎದ್ದೆವು. ಮೌಸ್ ಸರಿಸಿದರೆ ಬಾಣದ ಗುರುತು ಯೋಚನೆ ಮಾಡಿ ಸರಿಯುತ್ತಿತ್ತು. "ಮಾವ, ಇದು ಓಡ್ತಿಲ್ಲ, ತೆವಳ್ತಿದೆ," ಎಂದಳು. ಓಡುತ್ತಿದ್ದುದಂತೂ ನಿಜ. ಸರ್ಕಿಟ್ ತಂತ್ರಾಂಶ ತೆರೆಯಿತು, ಚಿತ್ರ ಬಿಡಿಸಿತು. ಆದರೆ ನಾಳೆ ರೆಕಾರ್ಡ್ ಪುಸ್ತಕ ಒಪ್ಪಿಸಬೇಕಾದ ಮಗುವಿಗೆ ಈ ತಾಳ್ಮೆ ಎಲ್ಲಿಂದ ಬರಬೇಕು?

ದಾರಿ ಹೊಳೆದದ್ದು ಅವಳಿಗೇ. "ಇಡೀ ಮಿಷನ್ನೇ ಇಂಟೆಲ್ ಆಗ್ಬೇಕಾ ಮಾವ? ಆ ಒಂದು ಸಾಫ್ಟ್‌ವೇರ್ ಮಾತ್ರ ಆದ್ರೆ ಸಾಲ್ದಾ?"

ಇಲ್ಲಿ ಒಂದು ವ್ಯತ್ಯಾಸ ಹೇಳಿಬಿಡಬೇಕು, ಯಾಕೆಂದರೆ ಅಂಗಡಿಯವರು ಎರಡನ್ನೂ 'ವರ್ಚುಯಲ್ ಮಷೀನ್' ಎಂದೇ ಕರೆಯುತ್ತಾರೆ. ಒಂದೇ ವಂಶದ ಯಂತ್ರದೊಳಗೆ ಅದೇ ವಂಶದ ಇನ್ನೊಂದು ಯಂತ್ರವನ್ನು ಇಟ್ಟುಕೊಳ್ಳುವುದೆಂದರೆ ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟಂತೆ. ಬಾಡಿಗೆಯವರು ನಮ್ಮ ಭಾಷೆಯವರೇ. ಅನುವಾದ ಬೇಡ. ಬಾಗಿಲಲ್ಲಿ ಒಂದು ಕಣ್ಣಿಟ್ಟಿದ್ದರೆ ಸಾಕು, ಅವರ ಸಂಸಾರ ನಮ್ಮಷ್ಟೇ ವೇಗದಲ್ಲಿ ನಡೆಯುತ್ತದೆ. ಬೇರೆ ವಂಶದವರನ್ನು ಇಟ್ಟುಕೊಂಡರೆ ಮಾತ್ರ ಹೊತ್ತು ಮೂಡಿದಾಗಿನಿಂದ ದುಭಾಷಿ ಕೂರಬೇಕು.

ಮೈಕ್ರೋಸಾಫ್ಟ್ ಕಂಪೆನಿ ಆರ್ಮ್ ಚಿಪ್ಪಿಗೆಂದೇ ಒಂದು ವಿಂಡೋಸ್ ಮಾಡಿದೆ. 2021ರಲ್ಲಿ ಬಂದ ವಿಂಡೋಸ್ 11ರಿಂದ ಅದು ತನ್ನೊಳಗೆ 64 ಬಿಟ್‌ನ ಇಂಟೆಲ್ ತಂತ್ರಾಂಶಗಳಿಗೂ ದುಭಾಷಿಯನ್ನು ಇಟ್ಟುಕೊಂಡಿದೆ. ಹಾಗಾಗಿ ಆರ್ಮ್ ಮ್ಯಾಕ್‌ನೊಳಗೆ ಆರ್ಮ್ ವಿಂಡೋಸನ್ನು ಬಾಡಿಗೆಗಿಟ್ಟು, ಇಂಟೆಲ್ ಮಾತಾಡುವ ಆ ಒಂದೇ ತಂತ್ರಾಂಶಕ್ಕೆ ಮಾತ್ರ ಅನುವಾದ ಮಾಡಿಸಿದರೆ? ಬಾಡಿಗೆ ಕೋಣೆ ಕಟ್ಟಿಕೊಡುವ ವಿಎಂವೇರ್ ಫ್ಯೂಷನ್ 2024ರ ನವೆಂಬರಿನಲ್ಲಿ ಎಲ್ಲರಿಗೂ ಉಚಿತವಾಗಿತ್ತು. ವಿಂಡೋಸಿಗೆ ಪರವಾನಗಿ ದುಡ್ಡು ಕೊಡಬೇಕು. ಆದರೂ ಅದು ಅರವತ್ತು ಸಾವಿರದ ಮಾತಲ್ಲ. ಲ್ಯಾಪ್‌ಟಾಪಿನ 8 ಜಿ.ಬಿ. ಮೆಮೊರಿಯಲ್ಲಿ 4ನ್ನು ಬಾಡಿಗೆದಾರನಿಗೆ ಬಿಟ್ಟುಕೊಟ್ಟೆವು. ಇಬ್ಬರೂ ಸ್ವಲ್ಪ ಮುದುಡಿ ಕೂರಬೇಕಾಯಿತು. ಅರ್ಧ ಗಂಟೆಯಲ್ಲಿ ವಿಂಡೋಸ್ ಎದ್ದಿತು, ಸರ್ಕಿಟ್ ತಂತ್ರಾಂಶ ತೆರೆಯಿತು. ಅವಳು ಬಿಡಿಸಿದ ಆಂಪ್ಲಿಫೈಯರ್ ಕಾಲೇಜಿನ ಕಂಪ್ಯೂಟರಿನಲ್ಲಿ ತೋರಿದ ಅಲೆಯನ್ನೇ ಇಲ್ಲೂ ತೋರಿತು.

ಎಲ್ಲವೂ ಹೀಗೆ ಸುಖಾಂತವಾಗಲಿಲ್ಲ. ಮೈಕ್ರೋಕಂಟ್ರೋಲರ್ ಕಿಟ್ಟನ್ನು ಯು.ಎಸ್.ಬಿ. ವಯರಿನಿಂದ ಜೋಡಿಸಿದರೆ ವಿಂಡೋಸ್ ಗುರುತೇ ಹಿಡಿಯಲಿಲ್ಲ. ಕಿಟ್ಟಿನೊಡನೆ ಮಾತಾಡುವ ಡ್ರೈವರ್ ಎಂಬ ತುಣುಕನ್ನು ತಯಾರಕರು ಇಂಟೆಲ್ ವಂಶಕ್ಕೆ ಮಾತ್ರ ಬರೆದಿದ್ದರು. ವಿಂಡೋಸಿನ ದುಭಾಷಿ ಸಾಮಾನ್ಯ ತಂತ್ರಾಂಶಗಳನ್ನು ಅನುವಾದಿಸುತ್ತಾನೆಯೇ ಹೊರತು ಡ್ರೈವರುಗಳನ್ನಲ್ಲ. ಅವು ಗರ್ಭಗುಡಿಯೊಳಗೆ ಕೆಲಸ ಮಾಡುವಂಥವು. ಅಲ್ಲಿ ಮನೆಮಾತಿನವರಿಗಷ್ಟೇ ಪ್ರವೇಶ. ಕಿಟ್ಟಿನ ಆಜ್ಞೆಗಳ ವಿವರವನ್ನಾದರೂ ತಯಾರಕರು ಪ್ರಕಟಿಸಿದ್ದರೆ ನಾವೇ ಏನಾದರೂ ಮಾಡಬಹುದಿತ್ತು. ಪ್ರಕಟಿಸಿರಲಿಲ್ಲ. ಕೊನೆಗೆ ಆ ಏಳು ಪ್ರಯೋಗಗಳನ್ನು ಶನಿವಾರ ಮಧ್ಯಾಹ್ನ ಕಾಲೇಜಿನ ಪ್ರಯೋಗಾಲಯದಲ್ಲೇ ಮಾಡಲು ಅಲ್ಲಿನ ಇನ್‌ಸ್ಟ್ರಕ್ಟರ್ ಒಪ್ಪಿದರು.

ಆದ್ದರಿಂದ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ವಿಭಾಗದವರನ್ನು ಕೇಳಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ನಾಲ್ಕು ವರ್ಷಕ್ಕೂ ಬೇಕಾದ ತಂತ್ರಾಂಶಗಳ ಹೆಸರು ಬರೆಸಿಕೊಳ್ಳಿ. ವಯರಿನಲ್ಲಿ ಜೋಡಿಸುವ ಕಿಟ್ಟುಗಳಿವೆಯೇ ಎಂದು ಕೇಳಿ, ಆನ್‌ಲೈನ್ ಪರೀಕ್ಷೆ ಯಾವ ತಂತ್ರಾಂಶದಲ್ಲಿ ಎಂದೂ ಕೇಳಿ. ಪರೀಕ್ಷೆಯ ಕಾವಲು ತಂತ್ರಾಂಶಗಳಲ್ಲಿ ಹಲವು, ತಾವು ವರ್ಚುಯಲ್ ಮಷೀನಿನೊಳಗಿದ್ದೇವೆ ಎಂದು ಪತ್ತೆಹಚ್ಚಿದ ಕೂಡಲೇ ಬಾಗಿಲು ಹಾಕಿಕೊಳ್ಳುತ್ತವೆ. ಈಗಾಗಲೇ ಆರ್ಮ್ ಯಂತ್ರ ಕೈಗೆ ಬಂದಿದ್ದರೆ ಮಾರಿಬಿಡುವ ಗಡಿಬಿಡಿ ಬೇಡ, ಹದಿನೈದು ದಿನ ಕೂತು ನೋಡಿ. ಹೊಸದಾಗಿ ಕೊಳ್ಳುವವರು ಮಾತ್ರ, ಎರಡು ಯಂತ್ರಗಳ ಸಂಸಾರ ನಡೆಯಬೇಕೆಂದಿದ್ದರೆ, 16 ಜಿ.ಬಿ. ಮೆಮೊರಿಗೆ ಕಡಿಮೆಯದನ್ನು ಮುಟ್ಟಬೇಡಿ.

ನಿಧಾನವಾಯಿತೆಂದು ನಾವು ಬದಿಗಿಟ್ಟಿದ್ದ ಕ್ಯೂಎಮುವನ್ನು ಹುಡುಗಿ ಅಳಿಸಿರಲಿಲ್ಲ. ಅಮೆರಿಕದ ಎಂ.ಐ.ಟಿ.ಯಲ್ಲಿ ಆಪರೇಟಿಂಗ್ ಸಿಸ್ಟಂ ಪಾಠಕ್ಕೆ ಎಕ್ಸ್‌ವಿ6 ಎಂಬ ಪುಟ್ಟ ವ್ಯವಸ್ಥೆಯನ್ನು ಬಳಸುತ್ತಾರೆ. 2019ರಿಂದ ಅದು ರಿಸ್ಕ್-ಫೈವ್ ಎಂಬ ಮೂರನೆಯ ವಂಶದ ಪ್ರೊಸೆಸರಿಗೆ ಬದಲಾಗಿದೆ. ಅಲ್ಲಿನ ವಿದ್ಯಾರ್ಥಿಗಳೂ ಆ ಚಿಪ್ಪನ್ನು ಕೈಯಲ್ಲಿ ಹಿಡಿಯಬೇಕಾಗಿಲ್ಲ, ಕ್ಯೂಎಮುವಿನೊಳಗೆ ಓಡಿಸುತ್ತಾರೆ. ಪಾಠ, ಪ್ರೋಗ್ರಾಂ ಎಲ್ಲವೂ ಉಚಿತ. ರಿಸ್ಕ್-ಫೈವ್‌ನ ಆಜ್ಞೆಗಳ ಕೈಪಿಡಿಯೂ ಯಾರು ಬೇಕಾದರೂ ಬಳಸಬಹುದಾದ ಬಹಿರಂಗ ದಾಖಲೆ. ಮದರಾಸಿನ ಐ.ಐ.ಟಿ.ಯವರು 'ಶಕ್ತಿ' ಪ್ರೊಸೆಸರನ್ನು ಕಟ್ಟಿದ್ದು ಇದೇ ಕೈಪಿಡಿಯ ಮೇಲೆ. ನನ್ನ ಕಾಲದಲ್ಲಿ ಒಂದು ಕಿಟ್ಟಿಗೆ ಒಂಬತ್ತು ಹುಡುಗರು ಮುಗಿಬೀಳುತ್ತಿದ್ದರು. ಇವಳು ಹಾಸ್ಟೆಲ್ ಮಂಚದ ಮೇಲೆ ಕೂತು ಮೂರು ವಂಶದ ಯಂತ್ರಗಳನ್ನು ಒಂದರ ಹೊಟ್ಟೆಯೊಳಗೆ ಇನ್ನೊಂದಿಟ್ಟು ಆಡಿಸುತ್ತಾಳೆ. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪಲ್ಲ.

ಈ ಧೈರ್ಯದ ಮೇಲೆ ನನ್ನದೊಂದು ಗಂಟನ್ನು ಬಿಚ್ಚಿದೆ. 1994ರ ಸುಮಾರಿಗೆ ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಡಿಪ್ಲೊಮಾ ಹುಡುಗರಿಗಾಗಿ ಮೈಕ್ರೋಪ್ರೊಸೆಸರ್ ಪಾಠಗಳನ್ನು ಕನ್ನಡದಲ್ಲಿ ಬರೆದಿದ್ದೆವು. ಅವರು ಈಗಿಲ್ಲ. ಅಚ್ಚಾದ ಪ್ರತಿಯೂ ಉಳಿದಿಲ್ಲ. ಉಳಿದದ್ದು 11 ಫ್ಲಾಪಿ. ಯು.ಎಸ್.ಬಿ. ಫ್ಲಾಪಿ ಡ್ರೈವಿನಲ್ಲಿ ಹಾಕಿದರೆ 7 ಓದಿದವು. ಅದೇ ಕಾಲದ ಡಾಸ್ ಎಡಿಟರನ್ನು ಎಮ್ಯುಲೇಟರಿನಲ್ಲಿ ತೆರೆದರೆ ಪರದೆಯ ತುಂಬ ನೆಟ್ಟ ಗೆರೆ, ಅಡ್ಡ ಗೆರೆ, ಚೌಕಟ್ಟಿನ ಮೂಲೆಗಳು. ನಡುನಡುವೆ ಗ್ರೀಕ್ ಅಕ್ಷರ. ಕನ್ನಡದ ಒಂದಕ್ಷರವೂ ಇಲ್ಲ.

ಕಾರಣ ಸ್ವಾರಸ್ಯವಾದದ್ದು. ಆ ಕಾಲದಲ್ಲಿ ಡಾಸ್‌ನಲ್ಲಿ ಕನ್ನಡ ಮೂಡಿಸುತ್ತಿದ್ದುದು ಜಿಸ್ಟ್ ಕಾರ್ಡ್. ಕಾನ್ಪುರದ ಐ.ಐ.ಟಿ.ಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಈ ಕಾರ್ಡನ್ನು ಕಂಪ್ಯೂಟರಿನೊಳಗೆ ಸಿಕ್ಕಿಸುತ್ತಿದ್ದರು. ನಮ್ಮ ಎಮ್ಯುಲೇಟರಿಗೆ 8086 ಗೊತ್ತು, ಕೀಲಿಮಣೆ ಗೊತ್ತು, ಪರದೆ ಗೊತ್ತು. ಜಿಸ್ಟ್ ಕಾರ್ಡ್ ಗೊತ್ತಿಲ್ಲ. ಅದರ ನಡವಳಿಕೆಯನ್ನು ಯಾರೂ ಅದರೊಳಗೆ ಬರೆದಿಟ್ಟಿಲ್ಲ. ಪ್ರೊಸೆಸರಿನ ವೇಷ ಪೂರ್ತಿಯಾದರೂ ಯಂತ್ರದ ವೇಷ ಪೂರ್ತಿಯಾಗಿರಲಿಲ್ಲ.

ಫೈಲಿನೊಳಗಿನ ಸಂಖ್ಯೆಗಳು ಮಾತ್ರ ಇಸ್ಕಿ ಎಂಬ ಭಾರತೀಯ ಸಂಕೇತ ಪದ್ಧತಿಯವು. 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅದನ್ನು ಮಾನಕವಾಗಿ ಪ್ರಕಟಿಸಿತ್ತು. ಪಟ್ಟಿ ಇವತ್ತಿಗೂ ಸಿಗುತ್ತದೆ. ಅದರಲ್ಲಿ ಕ ಅಕ್ಷರಕ್ಕೆ 179. ಹಳೆಯ ಪಿ.ಸಿ.ಯ ಅಕ್ಷರಪಟ್ಟಿಯಲ್ಲಿ 179 ಎಂದರೆ ಒಂದು ನೆಟ್ಟ ಗೆರೆ. ಕದಿಂದ ಹವರೆಗಿನ ವ್ಯಂಜನಗಳೆಲ್ಲ ಕೂತಿರುವುದು ಸರಿಯಾಗಿ ಆ ಗೆರೆ, ಮೂಲೆಗಳ ಬೀದಿಯಲ್ಲೇ! ಹಲಂತದ ಗುರುತು 232; ಅದು ಅಲ್ಲಿ ಗ್ರೀಕಿನ ಫೈ. ಅಂದರೆ ಫೈ ಕಂಡಲ್ಲೆಲ್ಲ ಒಂದು ಒತ್ತಕ್ಷರ ಅಡಗಿದೆ.

ದಸರಾ ರಜೆಗೆ ಬಂದವಳು ಪಟ್ಟಿ ಇಟ್ಟುಕೊಂಡು ಒಂದು ಪುಟ್ಟ ಪ್ರೋಗ್ರಾಂ ಬರೆದಳು. ಸಂಖ್ಯೆ ಓದು, ಅರ್ಥ ಹುಡುಕು, ಯೂನಿಕೋಡ್ ಅಕ್ಷರ ಬರೆ, ಮುಂದೆ ಸರಿ. ಅವಳ ಅಪ್ಪ ಪಕ್ಕದಲ್ಲಿ ಕೂತು ಮೂಡಿಬಂದ ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಎ ರಿಜಿಸ್ಟರಿಗೆ ನನ್ನ ಗೆಳೆಯರು 'ತಲೆಬಾಗಿಲು' ಎಂದು ಹೆಸರಿಟ್ಟಿದ್ದರು. ಕೂಡುವ ಲೆಕ್ಕದ ಒಳಗೆ ಹೋಗುವುದೂ ಹೊರಗೆ ಬರುವುದೂ ಅದರ ಮೂಲಕವೇ ಆದ್ದರಿಂದ. ಅದು ಸರಿಯಲ್ಲ, 'ಸಂಚಯಕ' ಎನ್ನಬೇಕು ಎಂದು ನಾನು ವಾದಿಸಿದ್ದು ನೆನಪಿಗೆ ಬಂತು. "ತಲೆಬಾಗಿಲೇ ಚೆನ್ನಾಗಿದೆ ಭಾವ," ಎಂದರು ತಂಗಿಯ ಗಂಡ. ಇನ್ನೂ ನಾಲ್ಕು ಫ್ಲಾಪಿ ಬಾಕಿ ಇವೆ. ಬೇರೆ ಡ್ರೈವಿನಲ್ಲಿ ಹಾಕಿ ನೋಡೋಣ ಎಂದು ಹುಡುಗಿ ಅವನ್ನು ಬಟ್ಟೆಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದಿದ್ದಾಳೆ.